ಬೆಲ್ಲ ತಿಂದರೆ ಎದೆಯೊಳಗಿನ ಲೋಹದ ಹೊಗೆ ಹೋಗುತ್ತದೆಯೇ?

ವೆಲ್ಡಿಂಗ್ ಮಾಡುವವರು, ಬ್ಯಾಟರಿ ಕೆಲಸದವರು, ಅಕ್ಕಸಾಲಿಗರು ಮತ್ತು ಅವರ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಕೆಲಸ ಮುಗಿದ ಮೇಲೆ ಒಂದು ಚೂರು ಬೆಲ್ಲ ತಿಂದು ಹಾಲು ಕುಡಿದರೆ ಒಳಗೆ ಹೋದ ಹೊಗೆಯೆಲ್ಲ ತೊಳೆದುಹೋಗುತ್ತದಂತೆ, ಹೌದಾ ಸರ್?’

ಹಾಲಿನ ವಿಷಯ ಬೇಗ ಮುಗಿಯುತ್ತದೆ. ಹಾಲು ಇಳಿಯುವುದು ಅನ್ನನಾಳದಲ್ಲಿ, ಹೊಗೆ ಇಳಿದಿರುವುದು ಶ್ವಾಸನಾಳದಲ್ಲಿ. ಸತುವಿನ ಲೇಪವಿರುವ ಜಿಐ ಪೈಪನ್ನು ಬೆಸೆದ ರಾತ್ರಿ ಬರುವ ಚಳಿಜ್ವರ ಹಾಲಿನಿಂದಲೇ ಇಳಿಯಿತೆಂದು ನಂಬುವವರು ಬಹಳ ಮಂದಿ. ಆದರೆ ಆ ಜ್ವರ ಏನೂ ಕುಡಿಯದಿದ್ದರೂ ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುವಂಥದ್ದು.

ಬೆಲ್ಲವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದವರು ಇಲಿಗಳ ಶ್ವಾಸಕೋಶಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ದೂಳನ್ನು ಸೇರಿಸಿ ಬೆಲ್ಲ ತಿನ್ನಿಸಿದಾಗ, ದೂಳಿನ ಕಣಗಳು ಅಲ್ಲಿಂದ ಹೆಚ್ಚಾಗಿ ಸಾಗಿಹೋದವೆಂದು 1994ರಲ್ಲಿ ಪ್ರಕಟಿಸಿದ್ದರು. ಆದರೆ ಇಲಿಯ ಎದೆಯ ದೂಳಿನ ಕಥೆಯನ್ನು, ಕರಗಿ ನೇರವಾಗಿ ರಕ್ತಕ್ಕೆ ಸೇರಬಲ್ಲ ಲೋಹದ ಹೊಗೆಯನ್ನು ದಿನವಿಡೀ ಉಸಿರಾಡುವ ಮನುಷ್ಯನಿಗೆ ಅನ್ವಯಿಸಲು ನನಗೆ ಧೈರ್ಯವಿಲ್ಲ.

ಆಹಾರದ ನಿಜವಾದ ಕೆಲಸ ಕರುಳಿನಲ್ಲಿದೆ. ವೆಲ್ಡಿಂಗ್ ಹೊಗೆಯ ಮ್ಯಾಂಗನೀಸ್ ಮತ್ತು ಅಕ್ಕಸಾಲಿಗರ ಬೆಸುಗೆಯ ಕ್ಯಾಡ್ಮಿಯಂ ಎಂಬ ಲೋಹಗಳು ಹೊಟ್ಟೆಗೆ ಹೋದರೆ, ಕಬ್ಬಿಣಾಂಶವನ್ನು ಹೀರುವ ದಾರಿಯಲ್ಲೇ ನುಸುಳುತ್ತವೆ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದಷ್ಟೂ ಆ ದಾರಿ ಅಗಲವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿರುವಾಗ, ಇದು ಸಣ್ಣ ಮಾತಲ್ಲ. ಸೊಪ್ಪು ಮತ್ತು ಕಾಳಿನ ಸಾರಿಗೆ ನಿಂಬೆರಸ ಹಿಂಡಿಕೊಂಡು, ಊಟದ ಬೆನ್ನಿಗೇ ಕಾಫಿ ಕುಡಿಯುವುದನ್ನು ಬಿಟ್ಟರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಹಾಗೆಯೇ ರಾಗಿಯಲ್ಲಿರುವ ಸುಣ್ಣದಂಶ ಕರುಳಿನಲ್ಲಿ ಬ್ಯಾಟರಿಯ ಸೀಸಕ್ಕೆ ಅಡ್ಡ ನಿಲ್ಲುತ್ತದೆ. ಇಷ್ಟೆಲ್ಲ ಸರಿಯೇ, ಆದರೆ ಶ್ವಾಸಕೋಶದ ಆಳಕ್ಕೆ ಇಳಿದ ಸೀಸ ಬಹುಪಾಲು ರಕ್ತಕ್ಕೆ ಸೇರಿಬಿಡುತ್ತದೆ. ಅಲ್ಲಿ ರಾಗಿಯ ಆಟ ನಡೆಯದು.

‘ಹಾಗಾದರೆ ವಿಟಮಿನ್ ಮಾತ್ರೆ?’ ಎಂದು ಕೇಳುವವರಿಗೆ ನಾನು ಹೇಳುವುದು ಅಮೆರಿಕದ ಕ್ಯಾರೆಟ್ ಎಂಬ ಪ್ರಯೋಗದ ಕಥೆಯನ್ನು. ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರು ಸೇರಿ 18 ಸಾವಿರಕ್ಕೂ ಹೆಚ್ಚು ಜನರಿದ್ದ ಆ ಪ್ರಯೋಗದಲ್ಲಿ, ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನೂ ವಿಟಮಿನ್ ಎಯನ್ನೂ ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಾಗಿ ಕಂಡದ್ದರಿಂದ, 1996ರಲ್ಲಿ ಮಾತ್ರೆ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಗಜ್ಜರಿ ತಿನ್ನುವುದಕ್ಕೂ ಅದರ ಸಾರವನ್ನು ಗುಳಿಗೆ ಮಾಡಿ ನುಂಗುವುದಕ್ಕೂ ಅಷ್ಟು ಅಂತರವಿದೆ.

ವೆಲ್ಡಿಂಗ್ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿಗೆ ಸೇರಿಸಿದೆ. ಚಿನ್ನ ಬೆಸೆಯುವ ಕೆಡಿಎಂ ಬೆಸುಗೆಯ ಕ್ಯಾಡ್ಮಿಯಂ ಕೂಡ ಅದೇ ಗುಂಪಿನದು. ಆದ್ದರಿಂದ ಹೊಗೆಯನ್ನು ಹುಟ್ಟುವ ಜಾಗದಲ್ಲೇ ಎಳೆದುಕೊಳ್ಳುವ ಫ್ಯಾನು ಮತ್ತು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕಿನ ಖರ್ಚನ್ನು ಬೆಲ್ಲದ ಅಚ್ಚಿನಲ್ಲಿ ಉಳಿಸಲು ನೋಡುವ ಮಾಲೀಕರ ಬಗ್ಗೆ ನನಗೆ ಸಿಟ್ಟಿದೆ. ಬೆಲ್ಲ ತಿನ್ನಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಟರಿ ಕೆಲಸದವರಿಗೆ ಮಾತ್ರ, ತಿನ್ನುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಇಲ್ಲವಾದರೆ ಬೆರಳಿಗಂಟಿದ ಸೀಸದ ಪುಡಿಯೂ ಬೆಲ್ಲದ ಜೊತೆಗೇ ಹೊಟ್ಟೆಗೆ ಹೋಗುತ್ತದೆ ಎನ್ನುತ್ತೇನೆ.