ಅಳಿವೆಯಿಂದ ಅಳಿವೆಗೆ

ಗಂಗೊಳ್ಳಿ ಕಡೆಯವರಿಗೆ ಅಳಿವೆ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹೊಳೆ ಕಡಲು ಸೇರುವ ಬಾಯಿ. ಮರಳು ಕಟ್ಟಿ, ಅಲೆ ಮುರಿದು, ಊರು ಕಣ್ಣೆದುರಿಗೇ ಇರುವಾಗ ದೋಣಿ ಮಗುಚುವ ಜಾಗ. ಪೋರ್ಚುಗೀಸರು ಅದನ್ನು 'ಫೋಶ್' ಅನ್ನುತ್ತಾರೆ. ಇದು ನನಗೆ ತಿಳಿದದ್ದು ಪೋರ್ಚುಗಲ್ಲಿನ ಫಿಗೇರಾ ದ ಫೋಶ್ ಎಂಬ ಊರಿನಲ್ಲಿ, ಮೊಂಡೇಗು ನದಿಯ ಅಳಿವೆಯೊಳಗೆ ಎರಡು ದಿನ ಸಿಕ್ಕಿಹಾಕಿಕೊಂಡಾಗ.

ಹಾಯಿದೋಣಿ ನನ್ನದಲ್ಲ. ರಾಟರ್‌ಡ್ಯಾಮಿನಲ್ಲಿ ಜೊತೆಗೆ ಕೆಲಸ ಮಾಡಿ ನಿವೃತ್ತರಾದ ಡಚ್ಚರೊಬ್ಬರದು, 34 ಅಡಿ ಉದ್ದ. ಗಂಡ ಹೆಂಡತಿ ಬೇಸಿಗೆಯಿಡೀ ಅದರಲ್ಲೇ ಸಂಸಾರ ಹೂಡಿದ್ದರು. ಸೆಪ್ಟೆಂಬರಿನಲ್ಲಿ ಪೋರ್ಟೊ ಪಕ್ಕದ ಲೇಶೋಯ್ಸ್ ಬಂದರಿನಲ್ಲಿ ನಾನು ಮೂರನೆಯವನಾಗಿ ಹತ್ತಿಕೊಂಡೆ. ಮೊದಲ ದಿನವೇ ಫಿಗೇರಾದವರೆಗೆ 65 ನಾಟಿಕಲ್ ಮೈಲು, ಗಂಟೆಗೆ ಐದರಂತೆ ಹದಿಮೂರು ತಾಸು. ಕತ್ತಲಿರುವಾಗಲೇ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಬೆನ್ನ ಹಿಂದಿನಿಂದ 'ನೊರ್ತಾದ' ಬೀಸಿತು. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಕಡೆ ಗಾಳಿಯ ಒತ್ತಡ ಹೆಚ್ಚು, ಕಾದ ಸ್ಪೇನಿನ ನೆಲದ ಮೇಲೆ ಕಡಿಮೆ. ಹಾಗಾಗಿ ಬೇಸಿಗೆಯುದ್ದಕ್ಕೂ ಈ ಕರಾವಳಿಯಲ್ಲಿ ಬಡಗಣ ಗಾಳಿಯದೇ ಆಳ್ವಿಕೆ. ತೆಂಕಣಕ್ಕೆ ಹೋಗುವವರ ಪುಣ್ಯ. ಎದುರಿನಿಂದ ಇಂಜಿನ್ ಹಾಕಿಕೊಂಡು ಕುಟ್ಟುತ್ತ ಬರುತ್ತಿದ್ದವರ ಮುಖ ನೋಡಲಾಗುತ್ತಿರಲಿಲ್ಲ.

ಮರುದಿನ ಹೊರಡುವಂತಿರಲಿಲ್ಲ. ಅಟ್ಲಾಂಟಿಕ್‌ನಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉಬ್ಬಲೆ ಇಲ್ಲಿ ಮರಳದಿಬ್ಬದ ಮೇಲೆ ಒಡೆಯುತ್ತಿತ್ತು. ಬಂದರಿನವರು ಅಳಿವೆ ಮುಚ್ಚಿದ್ದರು. ನೀಲಿ ಆಕಾಶ, ಹಿತವಾದ ಬಿಸಿಲು, ಆದರೂ ಹೊರಗೆ ಹೋಗುವ ಹಾಗಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮ ಲಿಸ್ಬನ್ ಬಗ್ಗೆ ಕೇಳಲಿಲ್ಲ. "ಅಳಿವೆ ದಾಟಿದ್ಯಾ ಮಗಾ?" ಅಂದಳು, ಅಷ್ಟೇ.

ಆ ಎರಡು ದಿನ ನಾನು ಅಡುಗೆಯವನಾದೆ. ದೋಣಿಯ ಒಲೆ ತೊಟ್ಟಿಲಿನಂತೆ ತೂಗುತ್ತದೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗೇ ಇರಲಿ ಎಂದು. ಅದರ ಮೇಲೆ ನನ್ನ ಮೂರು ಲೀಟರಿನ ಕುಕ್ಕರ್. ಬೇಳೆ ಇಟ್ಟು ಎರಡನೇ ಸೀಟಿ ಬರುವಷ್ಟರಲ್ಲಿ ಪಕ್ಕದ ದೋಣಿಯಾತ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಓಡಿ ಬಂದಿದ್ದ. ಅನ್ನ ಸಾರು ಉಂಡೇ ಹೋದ.

ಮೂರನೇ ದಿನ ಅಳಿವೆ ತೆರೆಯಿತು. ಇನ್ನೊಂದು ತಾಪತ್ರಯ ಶುರುವಾಯಿತು. 2020ರಿಂದ ಈ ಕಡಲಿನ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಗೆ ಡಿಕ್ಕಿ ಹೊಡೆದು ಮುರಿಯುತ್ತಿವೆ. ಆಟವೋ ಸಿಟ್ಟೋ, ಜಗಳ ಇನ್ನೂ ಮುಗಿದಿಲ್ಲ. ತಪ್ಪಿಸಿಕೊಳ್ಳಲು ದಡದ ಹತ್ತಿರ, ಇಪ್ಪತ್ತು ಮೀಟರ್ ಆಳದ ಒಳಗೇ ಹೋಗಬೇಕು. ಅಲ್ಲಿ ಮೀನುಗಾರರು ಬಿಟ್ಟ ಬೋನುಗಳ ಹಗ್ಗ, ಮೇಲೊಂದು ಕರಿ ಬಾವುಟ. ಅದು ಪ್ರೊಪೆಲ್ಲರಿಗೆ ಸುತ್ತಿದರೆ ಕಥೆ ಮುಗಿಯಿತು. ಒಬ್ಬರು ಸದಾ ಮೂತಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇರಬೇಕು. ನನಗಂತೂ ಓರ್ಕಾಗಿಂತ ಹಗ್ಗದ ಭಯವೇ ಹೆಚ್ಚು. ಬಲೆ ಸುತ್ತಿಕೊಂಡ ಬೋಟು ಚಿಕ್ಕಂದಿನಿಂದ ನೋಡಿದವನು.

ನಜರೆಯಲ್ಲಿ ಮಾತ್ರ ದಂಗಾದೆ. 2020ರ ಅಕ್ಟೋಬರಿನಲ್ಲಿ 26.21 ಮೀಟರ್ ಎತ್ತರದ ಅಲೆಯ ಮೇಲೆ ಒಬ್ಬ ಜಾರಿ ದಾಖಲೆ ಮಾಡಿದ ಊರು ಅದು. ಅಲ್ಲಿಗೆ ದೋಣಿ ಒಯ್ಯುವುದೇ ಎಂದು ನನಗೆ ಎದೆ ಢವಢವ. ಆದರೆ ಸಮುದ್ರದ ತಳದಲ್ಲಿ ಒಂದು ಮಹಾಕಂದರ ದಡದವರೆಗೂ ಸೀಳಿಕೊಂಡು ಬಂದಿದೆ. ಅದರ ಬಡಗಣ ಅಂಚಿನಲ್ಲಿ ಅಲೆಗಳು ಒಂದರ ಮೇಲೊಂದು ಏರಿ ಗುಡ್ಡವಾಗುತ್ತವೆ. ತೆಂಕಣದಲ್ಲಿ, ಬಂದರಿನ ಬಾಯಿಯೆದುರು ನೀರು ತುಂಬ ಆಳ, ಅಲೆ ಒಡೆಯುವುದೇ ಅಪರೂಪ. ಬೇರೆ ಬಂದರುಗಳು ಮುಚ್ಚಿದಾಗಲೂ ಇಲ್ಲಿ ಒಳಗೆ ಬರಬಹುದಂತೆ. ನಾವು ಕಾಫಿ ಲೋಟ ಹಿಡಿದುಕೊಂಡೇ ಬಂದೆವು.

ಪೆನೀಶ್, ಬೆರ್ಲೆಂಗಾ ದ್ವೀಪ ಹೋಗಿದ್ದು ಗೊತ್ತಾಗಲಿಲ್ಲ, ಎಲ್ಲಾ ಮಂಜು. ಬಡಗಣ ಗಾಳಿ ಮೇಲಿನ ನೀರನ್ನು ಹೊರಕ್ಕೆ ತಳ್ಳಿದಾಗ ತಳದ ತಣ್ಣೀರು ಮೇಲೇಳುತ್ತದೆ. ಮಂಜಿಗೂ ಅದೇ ಕಾರಣ, ಬೈಗೆ (ಭೂತಾಯಿ) ಮೀನಿಗೂ ಅದೇ ಕಾರಣ. ಲಿಸ್ಬನ್ ಪಕ್ಕದ ಕಷ್ಕಾಯ್ಶ್ ದಡದಲ್ಲಿ ಕೆಂಡದ ಮೇಲೆ ಸುಟ್ಟ ಬೈಗೆ ತಿಂದೆವು, ಬರೀ ಕಲ್ಲುಪ್ಪು. ಒಂಚೂರು ಖಾರ ಹಚ್ಚಿದ್ದರೆ! ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟವರೇ ತಿನ್ನಲು ಮರೆತಿದ್ದಾರೆ. ಹೋಟೆಲಿನಾಕೆ ಶೌಚಾಲಯದ 'ಶಾವ್' ಅಂತ ಚಾವಿ ಕೊಟ್ಟಳು. ತಟ್ಟೆಯಲ್ಲಿ ಬಟಾಟೆ, ಅವಳ ಬಾಯಲ್ಲೂ 'ಬತಾತಾ'.

ಅಲ್ಲಿಂದ ಮುಂದೆ ಬರೀ ಲಂಗರು, ನಲ್ಲಿಯಿಲ್ಲ. ಟ್ಯಾಂಕಿನಲ್ಲಿ ಇನ್ನೂರು ಲೀಟರ್, ಮೂರು ಜನ. ಪಾತ್ರೆ ಉಪ್ಪುನೀರಲ್ಲಿ ತೊಳೆದು, ಕೊನೆಗೊಂದು ತಂಬಿಗೆ ಸಿಹಿನೀರು. ಮುಖಕ್ಕೆ ಅರ್ಧ ಲೋಟ. ಯಜಮಾನ್ತಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನು ಗುಟ್ಟಾಗಿ ಒಂದು ಚೆಂಬು ಹೆಚ್ಚು ಬಳಸಿದ ದಿನ ಪಂಪಿನ ಸದ್ದಿನಿಂದಲೇ ಸಿಕ್ಕಿಬಿದ್ದೆ.

ಸೀನಿಶ್‌ನ ಕೊಲ್ಲಿಯ ಮೇಲೆ, ಕೋಟೆ ಪಕ್ಕ ವಾಸ್ಕೊ ಡ ಗಾಮನ ಪ್ರತಿಮೆ. ಹುಟ್ಟಿದ್ದು ಇಲ್ಲೇ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಕಾರವಾರದ ಎದುರಿನ ಅಂಜದೀವಿನಲ್ಲಿ ಹಡಗಿನ ತಳ ಕೆರೆಸಿ, ನೀರು ತುಂಬಿಸಿಕೊಂಡು ಹೋದವನು. ಅವನ ಊರ ದಡದಲ್ಲಿ ನಾನು ಎರಡು ಕ್ಯಾನ್ ತುಂಬಿಸಿಕೊಂಡೆ. ಲೆಕ್ಕ ಚುಕ್ತಾ ಅಂದುಕೊಂಡೆ.

ಕೊನೆಯ ದೊಡ್ಡ ದಿನ ಸಾವ್ ವಿಸೆಂಟ್ ಭೂಶಿರ. ಯುರೋಪಿನ ನೈಋತ್ಯ ಮೂಲೆ. ಗಾಳಿ ಹುಚ್ಚೆದ್ದಿತ್ತು, ಹಾಯಿಯನ್ನು ಎರಡು ಸುತ್ತು ಕಿರಿದು ಮಾಡಿದರೂ ದೋಣಿ ಹೂಂಕರಿಸುತ್ತಿತ್ತು. ದೀಪಸ್ತಂಭ ದಾಟಿ ಪೂರ್ವಕ್ಕೆ ತಿರುಗಿದ್ದೇ ತಡ, ಬಂಡೆಯ ಮರೆಯಲ್ಲಿ ಅಲೆ ಸತ್ತಿತು. ಮೈಮೇಲಿನ ಜಾಕೆಟ್ ಸೆಕೆಯಾಯಿತು. ಸಾಗ್ರಿಶ್‌ನ ಕೊಲ್ಲಿಯಲ್ಲಿ ಲಂಗರು ಬಿಟ್ಟಾಗ ಯಜಮಾನ್ತಿ ಪುಸ್ತಕ ಮುಚ್ಚಿ, ಟ್ಯಾಂಕಿನಲ್ಲಿ ಐವತ್ತು ಲೀಟರ್ ಉಳಿದಿದೆ ಎಂದರು. ನಾಳೆ ಲಾಗುಶ್‌ನಲ್ಲಿ ನಲ್ಲಿ ಸಿಗುತ್ತದೆ. ನಾನು ಕುಕ್ಕರಿನಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ಬೆರೆಸಿ, ಹಿಂಬದಿಯ ಮೆಟ್ಟಿಲ ಮೇಲೆ ಕೂತು ತಲೆಗೆ ಸುರಿದುಕೊಂಡೆ.