ಇಲ್ಲ, ಒಂದೇ ಮರ ಅಲ್ಲ

"ಶವಪೆಟ್ಟಿಗೆ ಮಾಡಿ ಉಳಿದ ಮರದಲ್ಲೇ ಮಂಚ ಮಾಡ್ತೀರಾ?"

ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಮೂವತ್ತು ವರ್ಷದಿಂದ ಬಾಯಲ್ಲಿ ಇಷ್ಟೇ ಹೇಳುತ್ತಾ ಬಂದಿದ್ದೇನೆ, ಯಾರಿಗೂ ಸಮಾಧಾನ ಆಗಿಲ್ಲ. ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿ ತೆರೆಸಿ, ಒಳಗೆ ಹತ್ತಿ ತುರುಕಿ, ಆಮೇಲೆ ಕೇಳಿದರು. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರ್ಕಳದ ಕಡೆ ಒಂದು ಸಣ್ಣ ಪೇಟೆಯಲ್ಲಿ ನಮ್ಮ ಅಂಗಡಿ. ರಸ್ತೆ ಕಡೆಗೆ ಮಂಚ, ಕಪಾಟು, ಡೈನಿಂಗ್ ಟೇಬಲ್. ಹಿಂದಿನ ಶೆಡ್ಡಿನಲ್ಲಿ ಶವಪೆಟ್ಟಿಗೆ. ಅಜ್ಜ ಶುರು ಮಾಡಿದ್ದು, ಪಪ್ಪ ಬೆಳೆಸಿದ್ದು, ಈಗ ಅಣ್ಣ ಮತ್ತು ನಾನು. ಅಣ್ಣನ ಪಾಲಿಗೆ ಮರ, ಪಿಕಪ್ ಗಾಡಿ, ಕೆಲಸದವರಿಗೆ ಬೈಯುವುದು. ನನ್ನ ಪಾಲಿಗೆ ಲೆಕ್ಕ, ಫೋನು, ಪೆಟ್ಟಿಗೆಯ ಒಳಗಿನ ಬಟ್ಟೆ. ನಾವು ಕ್ರಿಶ್ಚಿಯನ್ನರು. ತುಳು ಮಾತಾಡುವ ಊರು, ಹಾಗಾಗಿ ಪಪ್ಪ ಎಲ್ಲರಿಗೂ 'ಪೊರ್ಬುಲು', ನಾನು 'ಬಾಯಮ್ಮ'. ಮಕ್ಕಳು ಗಲ್ಫಿನಿಂದಲೋ ಕೆನಡಾದಿಂದಲೋ ಬರುವವರೆಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನೂ ಬಾಡಿಗೆಗೆ ಕೊಡುತ್ತೇವೆ. ಅದು ಜಾತಿ ನೋಡುವುದಿಲ್ಲ, ಕರೆಂಟ್ ಇದ್ದರೆ ಸಾಕು.

ಈಗ ಆ ಪ್ರಶ್ನೆ. ಅದನ್ನು ಯಾರೂ ತಿರುಗಿಸಿ ಕೇಳುವುದಿಲ್ಲ, ಗಮನಿಸಿದ್ದೀರಾ? "ಮಂಚ ಮಾಡಿ ಉಳಿದ ಮರದಲ್ಲಿ ಪೆಟ್ಟಿಗೆ ಮಾಡ್ತೀರಾ?" ಹಾಗೆ ಕೇಳಿದ್ದರೆ ಹೌದು ಅನ್ನಬೇಕಾಗುತ್ತಿತ್ತು. ತೇಗದ ಮಂಚದ ತುಂಡು ಉಳಿದರೆ ಅದರಲ್ಲಿ ಮುಚ್ಚಳದ ಮೇಲಿನ ಶಿಲುಬೆ ಮಾಡುತ್ತೇವೆ. ಅದಕ್ಕೆ ಯಾರ ತಕರಾರೂ ಇಲ್ಲ. ಮಂಚದ ಮರ ಪೆಟ್ಟಿಗೆಗೆ ಹೋದರೆ ಮೈಲಿಗೆ ಇಲ್ಲ. ಪೆಟ್ಟಿಗೆಯ ಮರ ಮಂಚಕ್ಕೆ ಬಂದರೆ ಮಾತ್ರ ನಿದ್ದೆ ಬರುವುದಿಲ್ಲ!

ಒಮ್ಮೆ ಪಕ್ಕದ ಊರಿನ ಅಕ್ಕ ಒಬ್ಬರು ಸೋಫಾದ ಕೈ ಸವರುತ್ತಾ ಇದನ್ನೇ ಕೇಳಿದರು. ಅವತ್ತು ನನಗೆ ತಲೆನೋವು ಬೇರೆ. "ಅಕ್ಕ, ನಿಮ್ಮಲ್ಲಿ ಯಾರಾದರೂ ತೀರಿಕೊಂಡರೆ ಸುಡಲಿಕ್ಕೆ ಹಿತ್ತಲಿನ ಮಾವು ಕಡಿಯುತ್ತಾರಲ್ಲ? ಆ ಮರದ ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ಉಂಟಲ್ಲ, ಅದನ್ನೇನು ಚೆಲ್ಲುತ್ತೀರಾ?" ಅಂದೆ. ಅವರು ಸೋಫಾದಿಂದ ಕೈ ತೆಗೆದರು. ವ್ಯಾಪಾರ ಹೋಯಿತು. ಅಣ್ಣ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನು?

ಹಾಲೆ ಮರವನ್ನೇ ನೋಡಿ. ಆಟಿ ಅಮಾವಾಸ್ಯೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದರ ತೊಗಟೆಯ ಕಷಾಯ ಕುಡಿಯುತ್ತೇವೆ, ವರ್ಷವಿಡೀ ರೋಗ ಬರಬಾರದು ಅಂತ. ಅದೇ ಮರದಲ್ಲಿ ಹಿಂದೆ ಶಾಲೆ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು. ಸಸ್ಯಶಾಸ್ತ್ರದವರು ಅದಕ್ಕೆ ಇಟ್ಟ ಹೆಸರಿನಲ್ಲಿ 'ಸ್ಕಾಲರಿಸ್' ಎಂದು ಇರುವುದೇ ಅದರಿಂದ. ಶ್ರೀಲಂಕಾದಲ್ಲಿ ಅದರಿಂದ ಶವಪೆಟ್ಟಿಗೆಯನ್ನೂ ಮಾಡುತ್ತಾರೆ, ಮರ ಹಗುರ ನೋಡಿ. ಕಷಾಯ ಕುಡಿದವರು ಯಾರೂ ಮರುದಿನ ಬಂದು ನಮ್ಮನ್ನು ಪ್ರಶ್ನೆ ಕೇಳಿದ್ದಿಲ್ಲ.

ಸರಿ, ನಿಜವಾದ ಉತ್ತರ ಇದು. ಒಂದೇ ಮರ ಬಳಸಲಿಕ್ಕೆ ಆಗುವುದಿಲ್ಲ, ಯಾಕೆಂದರೆ ಎರಡರ ಕೆಲಸ ತದ್ವಿರುದ್ಧ. ಮಂಚ ಬಾಳಬೇಕು. ಪೆಟ್ಟಿಗೆ ಹಾಳಾಗಬೇಕು. ಮಂಚಕ್ಕೆ ತೇಗ, ಹಲಸು, ಹೆಬ್ಬಲಸು. ಗೆದ್ದಲು ಮೂಸಿ ನೋಡಿ ವಾಪಸ್ ಹೋಗಬೇಕು. ಪೆಟ್ಟಿಗೆಗೆ ಮಾವು ಅಥವಾ ಸಿಲ್ವರ್ ಓಕ್. ಗೆದ್ದಲು ಬಂದರೆ ಸ್ವಾಗತ. ನಮ್ಮ ಚರ್ಚಿನ ಸಮಾಧಿ ಜಾಗ ಅಷ್ಟೇನೂ ದೊಡ್ಡದಲ್ಲ. ಕೆಲವು ವರ್ಷ ಆದಮೇಲೆ ಅದೇ ಗುಂಡಿಯನ್ನು ಮತ್ತೆ ತೋಡಬೇಕು. ಅಷ್ಟರಲ್ಲಿ ಒಳಗಿದ್ದದ್ದು ಮಣ್ಣಾಗಿರಬೇಕು.

ಇದು ಗಿರಾಕಿಗಳಿಗೆ ಅರ್ಥ ಆಗುವುದಿಲ್ಲ. "ಒಳ್ಳೇ ತೇಗದ್ದೇ ಮಾಡಿ ಪೊರ್ಬುಲೆ, ದುಡ್ಡಿನ ಬಗ್ಗೆ ಯೋಚನೆ ಬೇಡ" ಅನ್ನುತ್ತಾರೆ. ಅಪ್ಪ ಬದುಕಿದ್ದಾಗ ಒಂದು ಆರಾಮ ಕುರ್ಚಿ ತೆಗೆದುಕೊಡದವರೂ ಅನ್ನುತ್ತಾರೆ. (ಇದನ್ನು ಬರೆಯಬಾರದಿತ್ತು. ಇರಲಿ.) ಒಮ್ಮೆ ಹಾಗೇ ಹಟ ಮಾಡಿದವರಿಗೆ ಪಪ್ಪ ಹಲಸಿನದ್ದು ಮಾಡಿಕೊಟ್ಟರು. ವರ್ಷಗಳ ಮೇಲೆ ಗುಂಡಿ ತೋಡುವವನು ಅಂಗಡಿಗೇ ಬಂದು ಜಗಳ ಮಾಡಿದ. "ಎಂತ ಪೊರ್ಬುಲೆ, ನಿಮ್ಮ ಹಲಸು ಇನ್ನೂ ಹಾಗೇ ಉಂಟು! ನಾನು ಪಿಕ್ಕಾಸಿನಲ್ಲಿ ಹೊಡೆದು ಹೊಡೆದು ಕೈ ಬೊಬ್ಬೆ ಬಂತು." ಆಗ ಎದುರಿಗೆ ಮಂಚ ನೋಡಲು ಬಂದ ಒಂದು ಜೋಡಿ ಕೂತಿತ್ತು. ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವರು ಹಲಸಿನ ಮಂಚವನ್ನೇ ಕೊಂಡರು. ಅದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡು ಯಾರು ಕೊಡುತ್ತಾರೆ?

ಮರಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪಾಲಿಶ್, ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಹೂವು, ಸ್ಟೀಲಿನಂತೆ ಹೊಳೆಯುವ ಹಿಡಿಕೆ. ಮುಂಬೈ ಹತ್ತಿರದ ವಸಾಯಿಯಲ್ಲಿ ಕೆಲವು ಚರ್ಚುಗಳು ಪೆಟ್ಟಿಗೆಯನ್ನೇ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ ಹೂಳುವ ಕ್ರಮಕ್ಕೆ ತಿರುಗಿವೆ. ಅಣ್ಣನಿಗೆ ಈ ಸುದ್ದಿ ಓದಿ ಹೇಳಿದಾಗ ಅವನ ಮುಖ ನೋಡಬೇಕಿತ್ತು. ನಾನು ಮಾತ್ರ ಅಂದಿನಿಂದ ಒಳಗೆ ಹತ್ತಿ ಬಟ್ಟೆ ಬಿಟ್ಟು ಬೇರೆ ಹೊಲಿಯುವುದಿಲ್ಲ.

"ಹೋಗ್ಲಿ, ಎರಡೂ ಯಾಕೆ ಒಟ್ಟಿಗೆ? ಒಂದು ಬಿಟ್ಟುಬಿಡಿ." ಇದು ಅದೇ ಪ್ರಶ್ನೆಯ ತಂಗಿ. ಅಮೆರಿಕದ ಅಯೋವಾದಲ್ಲಿರುವ ನನ್ನ ಚಿಕ್ಕಮ್ಮನ ಮಗ ಅಲ್ಲಿನ ಒಂದು ಸಣ್ಣ ಊರಿನ ಬೋರ್ಡಿನ ಫೋಟೋ ಕಳಿಸಿದ್ದ. ಒಂದೇ ಬೋರ್ಡಿನಲ್ಲಿ ಪೀಠೋಪಕರಣವೂ ಉಂಟು, ಶವಸಂಸ್ಕಾರವೂ ಉಂಟು. ಅಲ್ಲಿಯೂ ಮೊದಲು ಬಡಗಿಯೇ. ಊರಲ್ಲಿ ಹಲಗೆ ಇಟ್ಟುಕೊಂಡವನು ಅವನೊಬ್ಬ, ಗಾಡಿ ಇದ್ದದ್ದೂ ಅವನಿಗೆ. 1861ರಿಂದ 1865ರವರೆಗೆ ಅವರ ಅಂತರ್ಯುದ್ಧ ನಡೆದಾಗ ಸತ್ತ ಸೈನಿಕರನ್ನು ದೂರದ ಊರಿಗೆ ಕಳಿಸಬೇಕಾಗಿ ಹೆಣಕ್ಕೆ ಔಷಧಿ ಹಾಕಿ ಕೆಡದಂತೆ ಇಡುವುದು ಹೆಚ್ಚಾಯಿತು. 1865ರಲ್ಲಿ ಲಿಂಕನ್ ಅವರ ದೇಹವನ್ನು ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ರೈಲಿನಲ್ಲಿ ಒಯ್ಯಲು ಸುಮಾರು ಎರಡು ವಾರ ಹಿಡಿಯಿತು, ದಾರಿಯುದ್ದಕ್ಕೂ ಜನ ನೋಡಿದರು. ಆಮೇಲೆ ಬಡಗಿಯ ಕೆಲಸ ನಿಧಾನಕ್ಕೆ ಬೇರೆಯದೇ ಉದ್ಯೋಗ ಆಯಿತು. 1882ರಲ್ಲಿ ಅವರದೇ ರಾಷ್ಟ್ರೀಯ ಸಂಘವೂ ಹುಟ್ಟಿತು. ಸಣ್ಣ ಊರುಗಳಲ್ಲಿ ಮಾತ್ರ ಮಂಚ ಮತ್ತು ಪೆಟ್ಟಿಗೆ ಒಂದೇ ಸೂರಿನ ಕೆಳಗೆ ಉಳಿದವು. ಕಾರಣ ಬಹಳ ಸರಳ. ಸಣ್ಣ ಊರಿನಲ್ಲಿ ಒಂದರಿಂದಲೇ ಹೊಟ್ಟೆ ತುಂಬುವಷ್ಟು ಜನ ಸಾಯುವುದಿಲ್ಲ, ಮದುವೆಯೂ ಆಗುವುದಿಲ್ಲ. ಲಾಕ್‌ಡೌನ್‌ನಲ್ಲಿ ನಮ್ಮ ಮುಂದಿನ ಶಟರ್ ಮುಚ್ಚಿತ್ತು, ಹಿಂದಿನ ಬಾಗಿಲು ಮುಚ್ಚಲಿಲ್ಲ. ಆ ವರ್ಷ ಕೆಲಸದವರಿಗೆ ಸಂಬಳ ಹೋದದ್ದು ಹಿಂದಿನ ಬಾಗಿಲಿನಿಂದ.

ಎರಡನ್ನೂ ಒಟ್ಟಿಗೆ ನಡೆಸುವ ಕಷ್ಟ ಮರದ್ದಲ್ಲ. ಮಾತಿನದ್ದು.

ನಮ್ಮಲ್ಲಿ ಹೊರಡುವಾಗ 'ಹೋಗ್ತೇನೆ' ಅನ್ನುವುದಿಲ್ಲ, 'ಬರ್ತೇನೆ' ಅನ್ನಬೇಕು. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಅದನ್ನು ಹೇಳಬಾರದು, ಸುಮ್ನೆ ಎದ್ದು ಹೋಗಬೇಕು. ನಮ್ಮ ಅಂಗಡಿ ಯಾವುದು? ಮಂಚ ಕೊಂಡವರು "ಬರ್ತೇವೆ ಬಾಯಮ್ಮ" ಅನ್ನುತ್ತಾರೆ. ಪೆಟ್ಟಿಗೆಗೆ ಬಂದವರು ಬಾಗಿಲ ಹತ್ತಿರ ಹೋಗಿ, ಬಾಯಿ ತೆರೆದು, ನೆನಪಾಗಿ, ಮುಚ್ಚಿಕೊಂಡು ಹೋಗುತ್ತಾರೆ.

ನನಗೆ ಆಗ ಹತ್ತೊಂಬತ್ತು. ಲೆಕ್ಕ ನನ್ನ ಕೈಗೆ ಬಂದು ತಿಂಗಳೂ ಆಗಿರಲಿಲ್ಲ. ದೋಹಾದಲ್ಲಿದ್ದ ಒಬ್ಬರು ತಾಯಿ ತೀರಿಕೊಂಡರೆಂದು ಬಂದಿದ್ದರು. ಪಪ್ಪ ಅವತ್ತು ದುಡ್ಡಿನ ಮಾತೆತ್ತುವುದಿಲ್ಲ, ಅದು ಅವರ ಕ್ರಮ. ಏಳನೇ ದಿನದ ಪೂಜೆ ಮುಗಿಸಿ ಅವರೇ ಲೆಕ್ಕ ಚುಕ್ತಾ ಮಾಡಲು ಬಂದರು. ಪೆಟ್ಟಿಗೆ, ಫ್ರೀಜರ್ ಎರಡು ದಿನ, ಗಾಡಿ ಬಾಡಿಗೆ. ನಾನು ಚಂದದ ಅಕ್ಷರದಲ್ಲಿ ಬಿಲ್ಲು ಬರೆದು, ಹರಿದು ಕೊಟ್ಟೆ. ಅವರು ಮೇಲಿಂದ ಕೆಳಗಿನವರೆಗೆ ಓದಿದರು. ಮೊತ್ತದ ಹತ್ತಿರ ನಿಲ್ಲಲಿಲ್ಲ, ಇನ್ನೂ ಕೆಳಗೆ ಹೋದರು. ಅಲ್ಲಿ ಪ್ರೆಸ್ಸಿನವರು ನೀಲಿ ಶಾಯಿಯಲ್ಲಿ ಅಚ್ಚು ಹಾಕಿದ್ದರು: 'ವಂದನೆಗಳು. ಮತ್ತೆ ಬನ್ನಿ.'

ಅವರು ತಲೆಯೆತ್ತಿ ಕೇಳಿದರು, "ಯಾವಾಗ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆ ಮರ ಕೀಸುತ್ತಿದ್ದ ಸದ್ದು ನಿಂತಿತು. ಪಪ್ಪ ಹೊರಗೆ ಬಂದರು, ಬಿಲ್ಲು ನೋಡಿದರು, ಆ ಮನುಷ್ಯನ ಮುಖ ನೋಡಿದರು. ಮೊದಲು ನಕ್ಕದ್ದು ಆ ಮನುಷ್ಯನೇ. ನಗು ಅಲ್ಲಿಗೇ ನಿಲ್ಲಲಿಲ್ಲ, ಅಳುವಾಯಿತು. ಏಳು ದಿನ ಅತ್ತಿರಲಿಲ್ಲವಂತೆ. ಎದುರಿಗಿದ್ದ ಹೊಸ ಮಂಚದ ಮೇಲೆ ಕೂತುಬಿಟ್ಟರು. ಪಪ್ಪ ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ತೆಗೆದು, "ಮಲಗಿ ಸ್ವಲ್ಪ" ಅಂದರು. ಅವರು ಸಂಜೆ ಐದರವರೆಗೆ ಮಲಗಿದರು. ಆ ಮಧ್ಯೆ ಇಬ್ಬರು ಗಿರಾಕಿಗಳು ಬಂದು ಪಿಸುಮಾತಿನಲ್ಲೇ ಕಪಾಟಿನ ಕ್ರಯ ಕೇಳಿ ಹೋದರು.

ಆಮೇಲೆ ಪೆಟ್ಟಿಗೆಗೆ ಬೇರೆ ಬಿಲ್ ಪುಸ್ತಕ ಆಯಿತು. ಪ್ರೆಸ್ಸಿನ ಹುಡುಗ, "ಕೆಳಗೆ ಎಂತ ಹಾಕುವುದು?" ಅಂದ. ಪಪ್ಪ "ಎಂತದೂ ಬೇಡ" ಅಂದರು. ಖಾಲಿ ಬಿಟ್ಟರೆ ಬೋಳು ಬೋಳು ಕಾಣುತ್ತದೆ ಅಂತ ಅವನೇ ಒಂದು ಸಣ್ಣ ಹೂವು ಹಾಕಿದ. ಆ ಹೂವು ಈಗಲೂ ಇದೆ. ದೋಹಾದವರೂ ಮತ್ತೆ ಬಂದಿದ್ದಾರೆ, ಎರಡೂ ಪುಸ್ತಕಕ್ಕೆ.

2017ರಲ್ಲಿ ಜಿಎಸ್‌ಟಿ ಬಂದಾಗ ಆಡಿಟರು ಕೂರಿಸಿ ವಿವರಿಸಿದರು. ಅಂತ್ಯಸಂಸ್ಕಾರದ ಸೇವೆ, ಹೆಣ ಸಾಗಿಸುವುದು, ಇವೆಲ್ಲ ಕಾನೂನಿನ ಲೆಕ್ಕದಲ್ಲಿ ಸರಕೂ ಅಲ್ಲ, ಸೇವೆಯೂ ಅಲ್ಲವಂತೆ. "ಮತ್ತೆ ಎಂತ ಮಾರಾಯ್ರೆ?" ಅಂದರು ಪಪ್ಪ. ಆಡಿಟರು ಕನ್ನಡಕ ಒರೆಸಿಕೊಂಡರು.

ನೋಡಿ, ಇಷ್ಟೆಲ್ಲ ಇರುವಾಗ ಕೇಳುವುದು ಮರದ ಬಗ್ಗೆ! ನಾನು ಕಾಯುತ್ತಿರುವ ಪ್ರಶ್ನೆ ಬೇರೆ. ಯಾರೂ ಕೇಳದ ಕಾರಣ ನಾನೇ ಕೇಳಿಕೊಳ್ಳುತ್ತೇನೆ. ಅಳತೆ ಎಲ್ಲಿಂದ ಸಿಗುತ್ತದೆ?

ಮಂಚದ್ದು ಸುಲಭ. ಆರೂವರೆಗೆ ಐದು ಅಡಿ, ಹಾಸಿಗೆ ಕಂಪನಿಯವರೇ ಹೇಳಿಬಿಡುತ್ತಾರೆ. ಪೆಟ್ಟಿಗೆಗೆ ಮಗ ಬರುತ್ತಾನೆ. "ಎಷ್ಟು ಎತ್ತರ ಇದ್ದರು?" ಅಂದರೆ ಗೊತ್ತಿರುವುದಿಲ್ಲ. ಅಪ್ಪನ ಶುಗರ್ ಎಷ್ಟಿತ್ತು ಗೊತ್ತು, ಪೆನ್ಷನ್ ಎಷ್ಟು ಬರುತ್ತಿತ್ತು ಗೊತ್ತು, ಎತ್ತರ ಗೊತ್ತಿಲ್ಲ. "ಸಾಧಾರಣ" ಅನ್ನುತ್ತಾನೆ. ಆಗ ಪಪ್ಪ ಅವನನ್ನು ಶೆಡ್ಡಿನ ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ಬೆನ್ನು ಕೊಟ್ಟು ನಿಲ್ಲಿಸುತ್ತಾರೆ. "ನಿಮಗಿಂತ ಹೆಚ್ಚಾ, ಕಡಿಮೆಯಾ?" ಅವನು ಯೋಚಿಸಿ, ಕೈಯನ್ನು ಅಡ್ಡ ಮಾಡಿ ಕಿವಿಯ ಹತ್ತಿರ ಹಿಡಿಯುತ್ತಾನೆ. "ಇಲ್ಲಿಗೆ ಬರ್ತಿದ್ರು." ಪಪ್ಪ ಆ ಕೈಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಟೇಪು ಹಿಡಿಯುವುದು ಅವನು ಹೋದಮೇಲೆ.

ಕೆಲವರು ನೂಲಿಗೆ ಗಂಟು ಹಾಕಿ ತರುತ್ತಾರೆ. ಒಬ್ಬರು ಕರು ಕಟ್ಟುವ ಹಗ್ಗವನ್ನೇ ತಂದಿದ್ದರು. ಒಬ್ಬ ಹೆಂಗಸು, ವಯಸ್ಸಾದವರು, ದಾರಂದಕ್ಕೆ ಒರಗಿ ನಿಂತು, "ನನ್ನ ತಲೆ ಅವರ ಎದೆಗೆ ತಾಗ್ತಿತ್ತು" ಅಂದರು. ಪಪ್ಪ ಅವರ ತಲೆಯ ಮಟ್ಟಕ್ಕೆ ಗೆರೆ ಎಳೆದು, ಅದರ ಮೇಲೆ ಒಂದೂಕಾಲು ಅಡಿ ಸೇರಿಸಿದರು. ಪೆಟ್ಟಿಗೆ ಸರಿಯಾಗಿ ಹೊಂದಿತು.

ಉದ್ದ ಗೊತ್ತಾದ ಮೇಲೆ ಭುಜ. ನಮ್ಮದು ಆರು ಮೂಲೆಯ ಪೆಟ್ಟಿಗೆ, ಭುಜದ ಹತ್ತಿರ ಅಗಲ, ಕಾಲಿನ ಕಡೆ ಸಣ್ಣ. ಬದಿಯ ಹಲಗೆ ಭುಜದ ಜಾಗದಲ್ಲಿ ಬಾಗಬೇಕು. ಅಲ್ಲಿ ಒಳಮೈಗೆ ಗರಗಸದಿಂದ ಐದಾರು ಗೀರು ಹಾಕುತ್ತಾರೆ, ಹಲಗೆಯ ಅರ್ಧಕ್ಕಿಂತ ಆಳಕ್ಕೆ. ಅದರ ಮೇಲೆ ಬಿಸಿನೀರು ಹುಯ್ದು, ಮೊಣಕಾಲು ಒತ್ತಿ, ನಿಧಾನ ಬಾಗಿಸುವುದು. ಗೀರುಗಳು ಒಂದೊಂದಾಗಿ ಬಾಯಿ ಮುಚ್ಚುತ್ತವೆ. ಆತುರ ಮಾಡಿದರೆ ಪಟ್ ಅಂತ ಮುರಿಯುತ್ತದೆ. ಮೊದಲ ಸಲ ಮಾಡಿದಾಗ ಅಣ್ಣ ಮೂರು ಹಲಗೆ ಮುರಿದಿದ್ದ. ಆಮೇಲೆ ನನ್ನ ಬಟ್ಟೆ ಆ ಗೀರನ್ನೆಲ್ಲ ಮುಚ್ಚಿಬಿಡುತ್ತದೆ, ಯಾರಿಗೂ ಕಾಣುವುದಿಲ್ಲ. ಸಣ್ಣ ಅಳತೆಯವೂ ಬರುತ್ತವೆ. ಅದರ ಬಗ್ಗೆ ಬರೆಯುವುದಿಲ್ಲ.

ಆ ದಾರಂದದ ತುಂಬ ಈಗ ಗೆರೆ. ಮನೆಗಳಲ್ಲಿ ಗೋಡೆ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೇ ಕಾಣುತ್ತದೆ. ಹೆಸರಿಲ್ಲ, ತಾರೀಕಿಲ್ಲ. ಆದರೆ ಪಪ್ಪನಿಗೆ ಬಹಳಷ್ಟು ಗೊತ್ತು. ಬೆರಳಿಟ್ಟು ಹೇಳುತ್ತಾರೆ: ಇವರು ಪೋಸ್ಟ್ ಮಾಸ್ಟರು, ಇವರು ಬ್ಯಾಂಡಿನವರು. ಶೆಡ್ ರಿಪೇರಿಯಲ್ಲಿ ಕಬ್ಬಿಣದ ಚೌಕಟ್ಟು ಹಾಕೋಣ ಅಂತ ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಯಾರೂ ಹೂಂ ಅಂದಿಲ್ಲ, ಅವನೂ ಒತ್ತಾಯ ಮಾಡಿಲ್ಲ.

ಹೋದ ತಿಂಗಳು ಪಪ್ಪ ತಾವೇ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತು ನನ್ನನ್ನು ಕರೆದರು. "ಒಂದು ಗೆರೆ ಹಾಕು." ಅವರಿಗೆ ಎಪ್ಪತ್ತೆಂಟು. ನಾನು ಬೈದೆ. ಅವರು ಕದಲಲಿಲ್ಲ. ಹಾಕಿದೆ. ಅರವತ್ತಕ್ಕೆ ಒಮ್ಮೆ ಅಜ್ಜಿಯ ಹತ್ತಿರ ಹಾಕಿಸಿಕೊಂಡಿದ್ದರಂತೆ, ಆ ಗೆರೆ ಮೇಲೆ ಇತ್ತು. ಹೊಸದು ಅದಕ್ಕಿಂತ ಎರಡು ಬೆರಳು ಕೆಳಗೆ. ಪಪ್ಪ ಕನ್ನಡಕ ಏರಿಸಿ ಎರಡನ್ನೂ ನೋಡಿದರು. ಹಳೆಯದನ್ನು ಉಗುರಿನಲ್ಲಿ ಕೆರೆದರು, ಹೋಗಲಿಲ್ಲ. "ತೇಗ ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ" ಅಂದು, ಹೆಬ್ರಿಗೆ ಹೋಗಬೇಕಿದ್ದ ಮಂಚಕ್ಕೆ ಹಗ್ಗ ಬಿಗಿಯಲು ಗಾಡಿಯ ಹತ್ತಿರ ಹೋದರು.