ಮುತ್ಯಾನ ಜೊತೆ ಮೈಸೂರಿನ ರೈಲು ಮ್ಯೂಸಿಯಂ

ಮೈಸೂರಿಗೆ ಹೋಗಿ ಅರಮನೆ ಬಗ್ಗೆ ಎರಡೇ ಸಾಲು ಬರೆದರೆ ಜನ ನಗಬಹುದು. ಅರಮನೆ ಚೆನ್ನಾಗಿದೆ. ಗದ್ದಲ ಜಾಸ್ತಿ. ಅಷ್ಟೇ.

ನಾನು ಬರೆಯಬೇಕೆಂದಿದ್ದು ರೈಲು ಮ್ಯೂಸಿಯಂ ಬಗ್ಗೆ. ಕಲಬುರಗಿಯಿಂದ ಬಸವ ಎಕ್ಸ್‌ಪ್ರೆಸ್ ಹತ್ತಿದವರು ನಾವು ಆರು ಜನ. ಇಬ್ಬರು ಮಕ್ಕಳು, ನಾವಿಬ್ಬರು, ನಮ್ಮ ಅಪ್ಪ (ಮಕ್ಕಳಿಗೆ ಮುತ್ಯಾ, ಅಂದರೆ ಅಜ್ಜ), ಅವ್ವ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು. ಮೈಸೂರಿನ ಸಿಹಿ ಸಾಂಬಾರು ನಮ್ಮ ಅವ್ವನಿಗೆ ಆಗೋದಿಲ್ಲ, ನನಗೂ ಆಗೋದಿಲ್ಲ.

ಮೊದಲು ಒಂದು ಮಾತು. ಮ್ಯೂಸಿಯಂ ಇರೋದು ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆಯ ಎದುರಿಗೆ. ಸ್ಟೇಷನ್ನಿಂದ ನಡೆದೇ ಹೋಗುವಷ್ಟು ಹತ್ತಿರ. ನಮ್ಮನ್ನು ಹತ್ತಿಸಿಕೊಂಡ ಆಟೋದವನು 'ತುಂಬಾ ದೂರ ಸಾರ್' ಅಂತ ಊರೆಲ್ಲಾ ಸುತ್ತಿಸಿ ಇಳಿಸಿದ. ಲಗೇಜು, ಮಕ್ಕಳು, ಬಿಸಿಲು, ಜಗಳ ಆಡೋಕೂ ತ್ರಾಣ ಇರಲಿಲ್ಲ. ನೀವು ಹೋದರೆ ಸ್ಟೇಷನ್ ಹೊರಗೆ ಯಾವುದಾದರೂ ಅಂಗಡಿಯವರನ್ನು ದಾರಿ ಕೇಳಿ, ಸುಮ್ನೆ ನಡೆದುಬಿಡಿ.

ಮ್ಯೂಸಿಯಂ ಶುರುವಾದದ್ದು 1979ರಲ್ಲಿ. ಒಳಗೆ ಮಹಾರಾಣಿಯವರ ಬೋಗಿ ಇದೆ, 1899ರದು. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲಾ ಅದರಲ್ಲೇ. ದೊಡ್ಡವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮಕ್ಕಳು ಅದನ್ನು ಸರಿಯಾಗಿ ನೋಡಲೂ ಇಲ್ಲ. ನಾಲ್ಕು ವರ್ಷದ ಮಗಳಿಗೆ ಹಿಡಿಸಿದ್ದು ಹಳಿ ಮೇಲೆ ನಿಂತ ಹಳೇ ಆಸ್ಟಿನ್ ಕಾರು. ರಸ್ತೆಯ ಗಾಲಿ ತೆಗೆದು ರೈಲಿನ ಗಾಲಿ ಹಾಕಿದ ಕಾರು. ಅದರ ಸುತ್ತ ತಿರುಗಿದ್ದೇ ತಿರುಗಿದ್ದು.

ಮಗ ಮಾತ್ರ ಉಗಿ ಇಂಜಿನ್ ಮುಂದೆ ನಿಂತುಬಿಟ್ಟ. 4-6-2 ಅಂದರೆ ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು ಗಾಲಿ ಅಂತ ಅಪ್ಪ ಹೇಳಿದ್ದಕ್ಕೆ ಎರಡೂ ಕಡೆ ಓಡಿ ಎಣಿಸಿ ಬಂದ. ಆಮೇಲೆ ಹಳಿ ನೋಡಿ 'ಮುತ್ಯಾ, ಇದು ಸಣ್ಣದದ' ಅಂದ. ನಿಜವೇ. ಇದು ಮೀಟರ್‌ಗೇಜ್, ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ನಮ್ಮ ಕಡೆಯದು 1676. ಬೆಂಗಳೂರು-ಮೈಸೂರು ಲೈನು 1882ರಲ್ಲಿ ಮುಗಿದಾಗ ಸಣ್ಣ ಹಳಿಯದ್ದೇ. ಕಲಬುರಗಿ ಮೇಲೆ ಹೋಗುವ ಲೈನು ಅದಕ್ಕೂ ಮೊದಲೇ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಲೈನಿಗೆ ಕೂಡಿತ್ತು. 1874ಕ್ಕೆ ಕಲಬುರಗಿ ಹತ್ತಿರದ ವಾಡಿಯಿಂದ ಸಿಕಂದರಾಬಾದಿಗೂ ಹಳಿ ಬಿತ್ತು. ಎರಡೂ ದೊಡ್ಡ ಹಳಿ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಒಂಚೂರು ಜಂಬ ಇತ್ತು.

ಅಪ್ಪ ವಾಡಿಯಲ್ಲಿ ಇಂಜಿನ್ ಒರೆಸುವ ಕ್ಲೀನರ್ ಆಗಿ ಸೇರಿ, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದವರು. ಮನೆಯಲ್ಲಿ ನೌಕರಿಯ ಮಾತು ಆಡಿದ್ದೇ ಕಡಿಮೆ. ಪಿಂಚಣಿ, ಪಾಸು, ಮೊಣಕಾಲು ನೋವು, ಇಷ್ಟೇ ನಮಗೆ ಗೊತ್ತಿದ್ದ ರೈಲ್ವೆ. ಆವತ್ತು ಇಂಜಿನ್ನಿನ ಹತ್ತಿರ ಮಗ ಕೇಳಿದ:

'ಮುತ್ಯಾ, ಇದರ ಚಾವಿ ಎಲ್ಲದ?'

'ಇದಕ್ಕ ಚಾವಿ ಇಲ್ಲೋ. ಬೆಂಕಿ ಹಚ್ಚಬೇಕು.'

'ಹಚ್ಚಿದ ಕೂಡ್ಲೇ ಹೋಗ್ತದ?'

'ಎಲ್ಲಿ ಹೋಗ್ತದ! ತಣ್ಣನ ಇಂಜಿನ್ ಅಂದ್ರ ತಾಸುಗಟ್ಲೆ ಬೇಕು. ನೀರು ಕಾಯಬೇಕು, ಉಗಿ ಆಗಬೇಕು.'

ಅಲ್ಲಿಂದ ಅಪ್ಪ ನಿಲ್ಲಲೇ ಇಲ್ಲ. ಕಲ್ಲಿದ್ದಲು ಉರಿಯುವ ಫೈರ್‌ಬಾಕ್ಸ್‌ನ ಬಿಸಿ ಗಾಳಿ ಬಾಯ್ಲರ್ ಒಳಗಿನ ಕೊಳವೆಗಳಲ್ಲಿ ಹಾದು ಮುಂದೆ ಚಿಮಣಿಯಿಂದ ಹೊರಗೆ ಹೋಗೋದು, ನೀರು ಎಷ್ಟಿದೆ ಅಂತ ಗಾಜಿನ ನಳಿಗೆಯಲ್ಲಿ ನೋಡೋದು, ಕಲ್ಲಿದ್ದಲನ್ನು ಒಂದೇ ಕಡೆ ಗುಡ್ಡೆ ಹಾಕದೆ ಹರಡಿ ಒಗೆಯೋದು. ಸಲಿಕೆ ಇಲ್ಲದ ಕೈಯಲ್ಲೇ ಒಗೆದು ತೋರಿಸಿದರು. ಸೊಂಟ ತಿರುಗಿದ ರೀತಿ ನೋಡಿ ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಕ್ಕಳು.

'ನೀರು ಖಾಲಿ ಆದ್ರ?'

'ಫೈರ್‌ಬಾಕ್ಸ್ ನೆತ್ತಿ ಮ್ಯಾಲ ಯಾವಾಗ್ಲೂ ನೀರು ನಿಂತಿರಬೇಕು. ಇಳೀತಂದ್ರ ತಗಡು ಕೆಂಪಗಾಗಿ ಬಾಯ್ಲರ್ ಸಿಡೀತದ. ಅದಕ್ಕ ಅಲ್ಲಿ ಸೀಸದ ಪ್ಲಗ್ ಹಾಕಿರ್ತಾರ. ನೀರು ಇಳಿದ್ರ ಸೀಸ ಕರಗ್ತದ, ಆ ತೂತಿನಿಂದ ಉಗಿ ಬೆಂಕಿ ಮ್ಯಾಲ ನುಗ್ತದ.'

'ನೀ ಕರಗಿಸಿದ್ದಿ?'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಒಮ್ಮೆ ಕರಗೋದಿತ್ತು. ರಾತ್ರಿ, ಶಹಾಬಾದ್ ದಾಟಿ. ಮಾಲಗಾಡಿ. ನಿದ್ದಿ ಹತ್ತಿತ್ತು. ಡ್ರೈವರ್ ಸಾಹೇಬರು ಗಾಜು ನೋಡಿ ಒದರಿದ್ರು, ನೀರು ಬಿಟ್ಟೆ. ಪ್ಲಗ್ ಕರಗಿದ್ರ ಚಾರ್ಜ್‌ಶೀಟ್ ಬರ್ತಿತ್ತು.'

ಅವ್ವನಿಗೂ ಇದು ಗೊತ್ತಿರಲಿಲ್ಲ. 'ಯಾವಾಗ ಆಗಿದ್ದಿದು?' ಅಂತ ಕೇಳಿದಳು. 'ಇವ ಹುಟ್ಟಿದ ವರ್ಷ' ಅಂತ ನನ್ನ ಕಡೆ ಕೈ ತೋರಿಸಿದರು. ಆ ವರ್ಷ ನಾನು ರಾತ್ರಿಯೆಲ್ಲಾ ಅಳುತ್ತಿದ್ದೆನಂತೆ. ಹಗಲು ಮಲಗೋಕೆ ಹೋದರೆ ಒಂದೇ ಕೋಣೆಯ ಮನೆ. ಏನು ಹೇಳಬೇಕೋ ತಿಳಿಯಲಿಲ್ಲ, ಮಗಳನ್ನು ಹುಡುಕೋ ನೆಪ ಮಾಡಿ ಆಸ್ಟಿನ್ ಕಾರಿನ ಕಡೆ ಹೋದೆ.

ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆಯೇ ಹೋಗಿ. ಬಯಲಲ್ಲಿ ನಿಂತ ಇಂಜಿನ್ನುಗಳ ಕಬ್ಬಿಣ ಮಧ್ಯಾಹ್ನಕ್ಕೆ ಚುರ್ ಅನ್ನುತ್ತದೆ. ಮಗಳು ಅಂಗೈ ಇಟ್ಟು ಅತ್ತಳು. ಫೋಟೋಗಳಿರುವ ಚಾಮುಂಡಿ ಗ್ಯಾಲರಿಯನ್ನು ಬಿಸಿಲು ಏರಿದ ಮೇಲಕ್ಕೆ ಇಟ್ಟುಕೊಂಡರೆ ಒಳ್ಳೇದು.

ಆಟದ ರೈಲಿಗೆ ಎಲ್ಲರಿಗೂ ಟಿಕೆಟ್ ತೆಗೆಸಿದೆ. ಅಪ್ಪ ಹತ್ತಲಿಲ್ಲ. 'ಹೊಗಿ ಇಲ್ಲ, ಏನಿಲ್ಲ' ಅಂತ ಮೂತಿ ತಿರುವಿ ಇಂಜಿನ್ ಹತ್ತಿರ ವಾಪಸ್ ಹೋದರು. ನಾವು ಸುತ್ತು ಮುಗಿಸಿ ಬರೋದರಲ್ಲಿ ಯಾರದೋ ಎರಡು ಮಕ್ಕಳಿಗೆ ಸಲಿಕೆ ಹಿಡಿಯೋದು ಹ್ಯಾಂಗೆ ಅಂತ ಕಲಿಸುತ್ತಿದ್ದರು. ಆ ಮಕ್ಕಳು ತಮಿಳಿನವರು.